ಹಿಮದ ಮೇಲೆ ಚೆಲ್ಲಿದ ಚರಗ

ಹೊರಡುವ ಮೊದಲು

ಮೂಡಲಗಿಯ ದನದ ಪೇಟೆಯಲ್ಲಿ ನನ್ನನ್ನು ಬಲ್ಲವರು ಈಗಲೂ ಕೇಳುವುದು ಒಂದೇ ಮಾತು: "ಮಲ್ಲಪ್ಪಾ, ಬರ್ಫಿನ್ಯಾಗ ಮಲಗಿದ್ದೆಂತಲ್ಲೋ, ಖರೇನ?" ಖರೆ. ಒಂದು ರಾತ್ರಿ ಮಲಗಿದ್ದೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಇದನ್ನು ಓದಿದ ಮೇಲೂ ಯಾರಾದರೂ ನನ್ನನ್ನು ಚಹಾದಂಗಡಿಯ ಮುಂದೆ ಹಿಡಿದು ನಿಲ್ಲಿಸಿದರೆ ಚಹಾ ಅವರ ಕಡೆಯಿಂದ.

ನಯಾ ಪೈಸೆ ಬಂದು ಎರಡು ವರ್ಷವಾಗಿತ್ತು. ಪರದೇಶದ ಹೈನದ ಪದ್ಧತಿ ನೋಡಿ ಬರಲು ತರುಣ ರೈತರನ್ನು ಕಳಿಸುತ್ತಾರೆಂದು ಸುದ್ದಿ ಬಂತು. ನಾನು ತುಕ್ಕಾನಟ್ಟಿಯವನು. ಪೇಟೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಂತು, ಆಮೇಲೆ ಹಲ್ಲು ನೋಡಿ ವಯಸ್ಸು ಹೇಳುವುದು ಕಲಿತು, ಕಡೆಗೆ ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲಾಲಿಯಾದವನು. ಆಗ ನನಗೆ ಮೂವತ್ತಾರು. ತರುಣ ಎಂದರೆ ಎಷ್ಟು ವರ್ಷದವರೆಗೆ ಎಂದು ಕಾಗದದಲ್ಲಿ ಬರೆದಿರಲಿಲ್ಲ. ಬರೆಯದೆ ಬಿಟ್ಟದ್ದನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಇದು ಈ ಬರಹದಲ್ಲಿ ನನ್ನ ಮೊದಲ ಉಪದೇಶ.

ಜೊತೆಗೆ ಬಂದವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಬಸಗೌಡರು. ಕಬ್ಬು ಬೆಳೆದು ಬೆಲ್ಲ ಮಾಡುವ ಮನೆತನ. ನನಗಿಂತ ನಾಲ್ಕು ವರ್ಷ ದೊಡ್ಡವರು, ಒಂದು ಗೇಣು ಎತ್ತರ, ತೂಕದ ಮಾತು ಬಿಡಿ. ಸ್ನಾನ ಮಾಡಿ ಲಿಂಗಪೂಜೆ ಮಾಡದೆ ಬಾಯಿಗೆ ತುತ್ತು ಇಡುವವರಲ್ಲ. ನಾನು ಸಾವಿರ ಮಾತು ಆಡಿದರೆ ಅವರದು ಒಂದು ಮಾತು, ಆ ಒಂದು ನನ್ನ ಸಾವಿರವನ್ನು ಮಲಗಿಸುತ್ತಿತ್ತು.

ನಮ್ಮನ್ನು ಹಾಕಿದ್ದು ಆಸ್ಟ್ರಿಯಾ ದೇಶದ ಒಂದು ಬೆಟ್ಟದ ಊರಿಗೆ. ಊರಿನ ಹೆಸರು ಬರೆದರೂ ನೀವು ಓದಲಾರಿರಿ, ಓದಿದರೂ ಅಲ್ಲಿಯವರಿಗೆ ತಿಳಿಯದು. ನಾವು ಉಳಿದ ಮನೆಯ ಮಗಳು ಮಾರ್ತಾ ಊರ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಇಪ್ಪತ್ಮೂರು ವಯಸ್ಸು, ಇಂಗ್ಲಿಷು ಬಲ್ಲವಳು. ಗೌಡರು ಮೊದಲ ದಿನವೇ ಅವಳ ಹೆಸರಿಗೆ ಒಂದು ಅವ್ವ ಕೂಡಿಸಿ ಮಾರ್ತವ್ವ ಮಾಡಿದರು. ಆಕೆ ಆಡಿದ್ದು ಇಂಗ್ಲಿಷು. ನನ್ನ ಕಿವಿಗೆ ಬಂದು ಮುಟ್ಟುವಷ್ಟರಲ್ಲಿ ಅದು ನಮ್ಮ ಮಾತಾಗಿರುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ, ಚರ್ಚಿನ ಕಟ್ಟೆ

ಆ ಊರಿನ ತರುಣ ಸಂಘದವರು ಪ್ರತಿ ಚಳಿಗಾಲ ಬೆಟ್ಟ ಏರಿ, ಹಿಮದಲ್ಲಿ ಡೇರೆ ಹೊಡೆದು ಒಂದು ರಾತ್ರಿ ಕಳೆದು ಬರುತ್ತಾರೆ. ಮನೆಯಲ್ಲಿ ಬೆಚ್ಚಗಿನ ಒಲೆ ಇದೆ, ಮೊಳ ದಪ್ಪದ ಗಾದಿ ಇದೆ. ಅದನ್ನೆಲ್ಲ ಬಿಟ್ಟು ಹೋಗುತ್ತಾರೆ.

"ನಮ್ಮಲ್ಲಿ ಹಿಂಗ ಬೈಲಾಗ ಮಲಗವ್ರು ಹೊಲಾ ಕಾಯವ್ರು" ಎಂದೆ ಮಾರ್ತವ್ವನಿಗೆ. "ನೀವು ಕಾಯೂದು ಏನೈತಿ ಅಲ್ಲಿ?"

"ಏನೂ ಇಲ್ರಿ. ಅದಕ್ಕ ಹೋಗೂದು."

ನಾವೂ ಹೊರಟೆವು. ಹುಡುಗರು ಹುಡುಗಿಯರು ಕೂಡಿ ಹನ್ನೆರಡು, ನಾವಿಬ್ಬರು ಸೇರಿ ಹದಿನಾಲ್ಕು, ಮುಂದಾಳು ಮಾರ್ತವ್ವ ಬೇರೆ.

ಈ ಮುಂದಾಳುತನದಲ್ಲೇ ಒಂದು ತಕರಾರು. ಇಪ್ಪತ್ತು ಚಳಿಗಾಲ ಈ ತಂಡವನ್ನು ಕರೆದೊಯ್ದವನು ಆಂಟೋನ್ ಎಂಬ ಹಿರಿಯ, ಊರಿಗೆಲ್ಲ ಕಾಕಾ. ಅವನ ಮೊಣಕಾಲು ಕೈಕೊಟ್ಟಿತ್ತು. ಚರ್ಚಿನ ಪಾದ್ರಿಗಳು ಜವಾಬ್ದಾರಿಯನ್ನು ಮಾರ್ತವ್ವನಿಗೆ ವಹಿಸಿದ್ದರು. ಹೆಣ್ಣುಮಗಳೊಬ್ಬಳು ಮುಂದಾಳಾಗಿ ಹೋಗುವುದು ಇದೇ ಮೊದಲು. ಕಾಕಾನಿಗೆ ಸರಿಬರಲಿಲ್ಲ. ಹೊರಡುವ ಹೊತ್ತಿಗೆ ಕೋಲೂರುತ್ತ ಬಂದು ಎಲ್ಲರೆದುರು ಅಂದ. ಅವನ ಮಾತನ್ನು ಮಾರ್ತವ್ವ ನಮಗೆ ತಿರುಗಿಸಿ ಹೇಳಿದಳು:

"ನಾಳೆ ಪ್ರಾರ್ಥನಾದ ಗಂಟಿ ನಿಲ್ಲೂದರೊಳಗ ಹೋದವ್ರೆಲ್ಲಾ ಇಲ್ಲಿ ನನ್ನ ಮುಂದ ನಿಂತಿರಬೇಕು. ಒಬ್ಬರು ಕಮ್ಮಿ ಆದ್ರೂ, ಒಂದು ಮಿಂಟ ತಡಾ ಆದ್ರೂ, ಮುಂದಿನ ವರ್ಷದ ಕ್ಯಾಂಪು ಮತ್ತ ನಂದು."

"ಆಗಲಿ ಕಾಕಾ" ಎಂದುಬಿಟ್ಟಳು ಹುಡುಗಿ.

ನನಗೆ ತಡೆಯಲಾಗಲಿಲ್ಲ. ಬದಿಗೆ ಕರೆದು ಹೇಳಿದೆ: "ತಂಗಿ, ಇಂಥಾ ಮಾತಿಗೆ ಒಮ್ಮಿಗೇ ಹೂಂ ಅನಬಾರದು. ಎರಡು ತಾಸು ಜಾಸ್ತಿ ಕೇಳಬೇಕಿತ್ತು. ಅಂವ ಒಂದು ತಾಸಿಗೆ ಇಳೀತಿದ್ದ."

"ನಂಗ ಒಂದು ತಾಸು ಬೇಕಾಗಿಲ್ರಿ."

"ಬೇಕಾಗಲಿ ಬಿಡಲಿ, ಕೈಯಾಗ ಇರಬೇಕು."

ಆಕೆ ನಕ್ಕು, ಎರಡು ನಿಯಮ ಕೇಳಿಸಿದಳು. ಒಂದು, ಊಟದ ಚೂರೂ ಹೊರಗೆ ಬೀಳಬಾರದು, ಉಳಿದದ್ದನ್ನೆಲ್ಲ ಚೀಲ ಕಟ್ಟಿ ಕೊಂಬೆಗೆ ತೂಗುಹಾಕಬೇಕು, ನರಿಗಳ ಕಾಟ. ಎರಡು, ಬೂಟನ್ನು ಹಾಸಿಗೆಯೊಳಗೇ ಇಟ್ಟುಕೊಂಡು ಮಲಗಬೇಕು; ಹೊರಗಿಟ್ಟರೆ ಮುಂಜಾನೆ ಕಲ್ಲಾಗಿರುತ್ತದೆ.

ಎರಡಕ್ಕೂ ನಾವು ತಲೆಯಾಡಿಸಿದೆವು. ತಲೆಯಾಡಿಸುವುದು ನಮ್ಮ ಕಡೆ ಕೇಳಿಸಿತು ಎಂಬುದರ ಗುರುತು, ಒಪ್ಪಿದೆವು ಎಂಬುದರದಲ್ಲ. ಇದು ಆಕೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ, ಏರುದಾರಿ

ಹಿಮದಲ್ಲಿ ನಡೆಯುವುದು ಹೇಗೆಂದರೆ, ಆಗತಾನೇ ನೀರು ಬಿಟ್ಟ ಕಬ್ಬಿನ ಗದ್ದೆಯಲ್ಲಿ ನಡೆದ ಹಾಗೆ. ಕಾಲು ಹೋಗುತ್ತದೆ, ಬರುವುದಿಲ್ಲ. ಸಾಮಾನನ್ನೆಲ್ಲ ಗಾಲಿಯಿಲ್ಲದ ಒಂದು ಜಾರುಗಾಡಿಯ ಮೇಲೆ ಕಟ್ಟಿ ಹುಡುಗರು ಸರದಿಯಂತೆ ಎಳೆದರು. ಹೂಡಿದ ಹಗ್ಗದ ಅಳತೆ ಸರಿಯಿಲ್ಲ, ಎಡಗಡೆಯವನಿಗೆ ಭಾರ ಬೀಳುತ್ತದೆ ಎಂದು ತೋರಿಸಿಕೊಟ್ಟೆ. ಕಟ್ಟಿ ನೋಡಿದರು, ಹೌದೆಂದರು. ಆಮೇಲೆ ಹಗ್ಗ ನನ್ನ ಹೆಗಲಿಗೇ ಬಂತು. ಬುದ್ಧಿ ಹೇಳುವಾಗ ಈ ಅಪಾಯವನ್ನು ಲೆಕ್ಕದಲ್ಲಿಡಿ.

ದಾರಿಯಲ್ಲಿ ಒಂದು ದಬದಬೆ, ಅಂದರೆ ಜಲಪಾತ, ನಿಂತಲ್ಲೇ ಗಟ್ಟಿಯಾಗಿ ಗಾಜಿನ ಕಂಬಗಳಂತೆ ಜೋತುಬಿದ್ದಿತ್ತು. ಗೋಕಾಕದ ದಬದಬೆಯ ಮಳೆಗಾಲದ ಆರ್ಭಟ ಕೇಳಿ ಬೆಳೆದ ಕಿವಿಗೆ ಆ ಮೌನ ವಿಚಿತ್ರವೆನಿಸಿತು. ಗೌಡರು ಬಹಳ ಹೊತ್ತು ನೋಡಿ, "ನಮ್ಮ ಧುಪದಾಳದ ಒಡ್ಡಿನ್ಯಾಗ ಹಿಂಗಾದ್ರ ಕಾಲುವಿ ನೀರಿಗೆ ಬಡದಾಡೂದ ಇರೂದಿಲ್ಲ. ಕಡದು ಗಾಡ್ಯಾಗ ಒಯ್ಯಬಹುದು" ಎಂದರು.

ದಣಿವಾರಿಸಿಕೊಳ್ಳಲು ಕೂತಾಗ ನಾನು ಊರಿನಿಂದ ಜತನವಾಗಿ ತಂದಿದ್ದ ಗೋಕಾಕದ ಕರದಂಟು ತೆಗೆದೆ. ಅಂಟು, ಬೆಲ್ಲ, ಕೊಬ್ಬರಿ, ಬಾದಾಮಿಯ ಮಹಿಮೆ ವರ್ಣಿಸಿ ಹಂಚಿದೆ. ಚಳಿಗೆ ಅದು ಕರಿಕಲ್ಲಾಗಿತ್ತು. ಲೀಸಲ್ ಎಂಬ ನಾಚಿಕೆಯ ಹುಡುಗಿ ಒಂದು ತುಂಡನ್ನು ಬಾಯಿಗಿಟ್ಟು, ಅಲ್ಲಿಂದ ಬೆಟ್ಟದ ತಲೆ ಮುಟ್ಟುವವರೆಗೂ ಮಾತಾಡಲಿಲ್ಲ. ಕಡೆಗೆ ಕೊಡಲಿಯ ಹಿಂಬದಿಯಿಂದ ಒಡೆದರು. "ಬಾಳ ಛಲೋ ಐತ್ರಿ" ಎಂದಳು ಮಾರ್ತವ್ವ, ದವಡೆ ಹಿಡಿದುಕೊಂಡು.

ಸಂಜೆ, ಬೆಟ್ಟದ ಬಯಲು

ಡೇರೆ ಹೊಡೆಯುವುದರಲ್ಲಿ ಅವರು ಜಾಣರು. ಹಿಮವನ್ನು ತುಳಿದು ತುಳಿದು ಕಣದಂತೆ ಗಟ್ಟಿ ಮಾಡಿದರು. ಅದರ ಮೇಲೆ ದೇವದಾರು ಜಾತಿಯ ಮರದ ಕೊಂಬೆಗಳನ್ನು ಮೊಳಕಾಲೆತ್ತರ ಹಾಸಿದರು. ನಮ್ಮಲ್ಲಿ ಕಬ್ಬಿನ ಒಣ ಎಲೆ, ರವದಿ, ಹಾಸಿ ಮಲಗುತ್ತೇವಲ್ಲ, ಅದೇ ಲೆಕ್ಕ. ಗೌಡರು ಒತ್ತಿ ನೋಡಿ ತಲೆಯಾಡಿಸಿದರು. ಈ ಸಲ ಅದು ಒಪ್ಪಿಗೆಯೇ.

ಗೌಡರ ಸ್ನಾನದ್ದು ಒಂದು ಸಮಾರಂಭವೇ ಆಯಿತು. ಸುತ್ತ ಕಣ್ಣು ಹೋಗುವವರೆಗೂ ಇದ್ದದ್ದು ನೀರೇ, ಆದರೆ ಒಂದು ಹಂಡೆ ತುಂಬ ಹಿಮ ಕಾಸಿದರೆ ಸಿಗುವುದು ಒಂದು ತಂಬಿಗೆ. ನಾಲ್ಕು ಹುಡುಗರು ಸಲಿಕೆಯಿಂದ ತುಂಬಿ ತುಂಬಿ ಕೊಟ್ಟರು. ಡೇರೆಯ ಹಿಂದೆ ಗೌಡರು ಮೈಮೇಲೆ ನೀರು ಸುರಿದುಕೊಂಡಾಗ ಎದ್ದ ಹಬೆ ನೋಡಿ, ಒಳಗೇನೋ ಬೇಯುತ್ತಿದೆಯೆಂದು ಹುಡುಗರು ನಗಾಡಿದರು. ಪೂಜೆಗೆ ಕೂತಾಗ ಮಾತ್ರ ಯಾರೂ ಹೇಳದೆ ಟೊಪ್ಪಿಗೆ ತೆಗೆದರು.

ಪೂಜೆ ಮುಗಿಸಿ ಹೊರಬಂದವರು ಕತ್ತಲಾಗುತ್ತಿದ್ದ ಆಕಾಶ ನೋಡಿ ನಿಂತರು. "ಮಲ್ಲಪ್ಪಾ, ದಿನಾ ಚಂದ್ರನ್ನ ನೋಡಕೋತ ಬಂದೇನಿ. ಇವತ್ತ ಎಳ್ಳ ಅಮಾಸಿ."

ಆ ಮಾತು ಕೇಳಿದ್ದೇ ನನಗೆ ಊರು ಕಣ್ಣಮುಂದೆ ಬಂತು. ಚಕ್ಕಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ದಿನ. ಪೈರು ಹೊತ್ತ ಭೂಮಿ ಬಸುರಿ. ಆಕೆಗೆ ಬಯಕೆಯ ಊಟ ಕೊಡಬೇಕು. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಒಬ್ಬರು ಹೊಲದ ಸುತ್ತ ಚೆಲ್ಲುತ್ತ ಹೋಗುವುದು, ಹಿಂದಿನವರು ನೀರು ಚಿಮುಕಿಸುತ್ತ ಬರುವುದು. ಅದು ಚರಗ. ಚರಗ ಚೆಲ್ಲದೆ ತಾನು ಉಂಡ ರೈತ ನಮ್ಮ ಸೀಮೆಯಲ್ಲಿಲ್ಲ.

"ಇಲ್ಲಿ ಹೊಲ ಯಾವುದು ದಾರಿ ಯಾವುದು ತಿಳೀವಲ್ದು, ಗೌಡ್ರ. ಎಲ್ಲಿ ಚೆಲ್ಲೂದು?"

"ಬರ್ಫ ಎಷ್ಟ ದಪ್ಪ ಇದ್ದೀತು? ಕೆಳಗ ಭೂಮಿ ಐತೆಲ್ಲ."

ಊಟದ ಚೂರು ಹೊರಗೆ ಬೀಳಬಾರದೆಂಬ ನಿಯಮ ನನಗೆ ನೆನಪಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಚರಗ ಊಟದ ಚೂರಲ್ಲವಲ್ಲ. ಅದು ಕೊಟ್ಟದ್ದು, ಬಿದ್ದದ್ದಲ್ಲ. ಹೀಗೆ ನನ್ನ ಜೊತೆ ನಾನೇ ವ್ಯಾಪಾರ ಕುದುರಿಸಿಕೊಂಡೆ. ಎರಡೂ ಕಡೆಯ ದಲಾಲಿ ಒಬ್ಬನೇ ಆದರೆ ವ್ಯಾಪಾರ ಬಹಳ ಬೇಗ ಮುಗಿಯುತ್ತದೆ.

ನಮ್ಮ ಪಾಲಿಗೆ ಬಂದ ರೊಟ್ಟಿ, ಬೇಯಿಸಿದ ಬಟಾಟಿ, ಒಡೆದ ಕರದಂಟಿನ ಪುಡಿ, ಗೌಡರ ಗಂಟಿನಲ್ಲಿದ್ದ ಎಳ್ಳು ಬೆಲ್ಲ, ಮಾರ್ತವ್ವನ ಮನೆಯಲ್ಲಿ ಒಂದು ವರ್ಷ ಮಾಗಿಸಿದ ಚೀಸಿನ, ನನ್ನ ಬಾಯಲ್ಲಿ ವರ್ಷದ ಗಿಣ್ಣದ, ದೊಡ್ಡ ತುಂಡು, ಎಲ್ಲ ಕಲಸಿದೆವು. ಹುಡುಗರು ಕಟ್ಟಿಗೆಗೆ ಹೋಗಿದ್ದರು, ಹುಡುಗಿಯರು ಒಲೆಯ ಹತ್ತಿರ ಇದ್ದರು. ಡೇರೆಗಳ ಸುತ್ತ ನಾನು ಚೆಲ್ಲುತ್ತ ನಡೆದೆ, ಗೌಡರು ತಂಬಿಗೆ ಹಿಡಿದು ಹಿಂದೆ ಬಂದರು. ಚರಗ ಚೆಲ್ಲುವಾಗ ಊರಲ್ಲಿ ಕೂಗುವ ಹಾಗೆ "ಹುಲ್ಲುಲ್ಲಿಗೋ" ಎಂದು ಮೆಲ್ಲಗೆ ಕೂಗಿದೆ. ಬೆಟ್ಟ ಅದನ್ನು ದೊಡ್ಡದು ಮಾಡಿ ವಾಪಸು ಕೊಟ್ಟಿತು. ಮಾರ್ತವ್ವ ಒಳಗಿನಿಂದ "ಏನಾತ್ರಿ?" ಎಂದಳು. "ಏನಿಲ್ಲ ತಂಗಿ, ಚಳಿಗೆ ಒದರಿದೆ" ಎಂದೆ.

ಮಲಗುವಾಗ ಬೂಟಿನ ಪ್ರಶ್ನೆ ಬಂತು. ಗೌಡರದು ಒಂದೇ ಮಾತು: "ಕೊರಳಾಗ ಲಿಂಗ ಐತಿ. ಕಾಲಾನ ಬೂಟು ಹಾಸಿಗ್ಯಾಗ ಹೆಂಗ ತಗೊಳ್ಳಲಿ?" ಡೇರೆಯ ಹೊರಗೆ ಜೋಡಿಸಿಟ್ಟರು. ನಾನು ಅಷ್ಟು ನಿಷ್ಠೆಯವನಲ್ಲ, ನನ್ನದು ಒಳಗೇ ಇತ್ತು. ರಾತ್ರಿಯ ಬಗ್ಗೆ ಹೇಳಲು ಏನೂ ಇಲ್ಲ. ನಿದ್ದೆ ಬಂತು, ಅದೇ ಆಶ್ಚರ್ಯ.

ರವಿವಾರ ನಸುಕು

ಗೌಡರ ದನಿಗೆ ಎಚ್ಚರವಾಯಿತು. "ಮಲ್ಲಪ್ಪಾ, ಒಂದ ಬೂಟು ಐತಿ."

"ಒಂದ ಇದ್ರ ಇನ್ನೊಂದೂ ಅಲ್ಲೇ ಇರತೈತಿ, ನೋಡ್ರಿ."

"ನೋಡಿದೆ. ಒಂದ ಐತಿ."

ಹೊರಗೆ ಕಾಲಿಟ್ಟವನೇ ಅಂಗಾತ ಬಿದ್ದೆ. ಗೌಡರು ಭಕ್ತಿಯಿಂದ ಚಿಮುಕಿಸಿದ್ದ ನೀರು ಕನ್ನಡಿಯಂತಾಗಿತ್ತು. ಬಿದ್ದಲ್ಲಿಂದಲೇ ನೋಡಿದೆ: ಡೇರೆಯ ಸುತ್ತ, ನಾನು ನಡೆದ ಹಾದಿಯಲ್ಲೇ, ಸಣ್ಣ ಸಣ್ಣ ಹೆಜ್ಜೆಯ ಸಾಲು. ಒಂದು ಚೂರು ಬಿಡದೆ ತಿಂದು, ಬಾಗಿಲಲ್ಲಿದ್ದ ಎಡಗಾಲಿನ ಬೂಟನ್ನೂ ನರಿ ಕಾಡಿಗೆ ಎಳೆದೊಯ್ದಿತ್ತು. ಹುಡುಗರು ಅರ್ಧ ತಾಸು ಹುಡುಕಿದರು. ಹೆಜ್ಜೆಗಳು ಒಂದು ಬಂಡೆಯ ಬಿರುಕಿನಲ್ಲಿ ಹೋಗಿ ಮುಗಿದಿದ್ದವು.

ಮಾರ್ತವ್ವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಬೈಯಲಿಲ್ಲ. "ಊಟದ್ದು ಹೊರಗ ಯಾರ್ದು ಬಿದ್ದಿತ್ತು?" ಎಂದಷ್ಟೇ ಕೇಳಿದಳು. ಹುಡುಗರು ಒಬ್ಬೊಬ್ಬರಾಗಿ ತಮ್ಮದಲ್ಲವೆಂದರು. ಕಡೆಗೆ ಲೀಸಲ್ ಕೆಂಪಗಾಗಿ, ರಾತ್ರಿ ತಾನು ಕೋಟು ಝಾಡಿಸಿದೆ, ಅದರಲ್ಲಿ ರೊಟ್ಟಿಯ ಪುಡಿ ಇದ್ದಿರಬೇಕು, ತಪ್ಪು ತನ್ನದೇ ಎಂದು ಕಣ್ಣೀರು ತಂದುಕೊಂಡಳು.

ಗೌಡರು ನನ್ನ ಮುಖ ನೋಡಿದರು. ನಮ್ಮಿಬ್ಬರಲ್ಲಿ ಇಂಗ್ಲಿಷು ಬಲ್ಲವನು ನಾನೊಬ್ಬನೇ. ಹೇಳುವುದಿದ್ದರೆ ನಾನೇ ಹೇಳಬೇಕು. ಪೇಟೆಯಲ್ಲಿ ನಾನು ಕಲಿತ ಪಾಠ, ಕೇಳದ ಹೊರತು ಎತ್ತಿನ ಐಬಿನ ಬಗ್ಗೆ ಬಾಯಿಬಿಡಬಾರದು ಎಂಬುದು. ಇಲ್ಲಿ ಕೇಳಿದ್ದರು. ಆದರೂ ನಾನು ಬಗ್ಗಿ ಬೂಟಿನ ದಾರ ಬಿಗಿದುಕೊಂಡೆ. ಅಲ್ಲಿಂದ ಊರಿಗೆ ಬರುವವರೆಗೂ ಆ ದಾರ ಕಾಲಿಗಲ್ಲ, ಕೊರಳಿಗೆ ಕಟ್ಟಿದ ಹಾಗಿತ್ತು.

ಇಳಿಜಾರು

ಬೂಟಿಲ್ಲದವರನ್ನು ಹಿಮದಲ್ಲಿ ನಡೆಸುವ ಹಾಗಿಲ್ಲ, ಬೆರಳು ಸತ್ತುಹೋಗುತ್ತವೆ. ಮಾರ್ತವ್ವ ಯೋಚಿಸಲು ತೆಗೆದುಕೊಂಡದ್ದು ಒಂದು ಉಸಿರು. ಜಾರುಗಾಡಿಯ ಸಾಮಾನೆಲ್ಲ ಹುಡುಗರ ಬೆನ್ನಿಗೆ ಬಂತು, ಗೌಡರು ಜಾರುಗಾಡಿಗೆ ಹೋದರು. ಎಡಗಾಲಿಗೆ ಮೂರು ಕಾಲುಚೀಲ, ಅದರ ಮೇಲೆ ಯಾರದೋ ಉಣ್ಣೆ ಟೊಪ್ಪಿಗೆ.

ಮುಂದೆ ನಾಲ್ವರು ಎಳೆದರು, ಹಿಂದೆ ನಾಲ್ವರು ಹಗ್ಗ ಹಿಡಿದು ತಡೆದರು. ಗೌಡರು ನಡುವೆ ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ಕೈಯಿಟ್ಟು, ಮದುವೆಯ ಮೆರವಣಿಗೆಯಂತೆ ಕೂತಿದ್ದರು. ಎರಡು ಸಲ ಉರುಳಿದರು. ಎರಡು ಸಲವೂ ಅದೇ ಗಾಂಭೀರ್ಯದಲ್ಲಿ ಎದ್ದು ಕೂತರು.

"ಗೌಡ್ರ, ಹೆಂಗೈತಿ?"

"ಎತ್ತು ಛಲೋ ಅದಾವು. ದಲಾಲಿ ಸುಮಾರ."

ನಗಬೇಕಾದ ಮಾತು, ನನಗೆ ನಗು ಬರಲಿಲ್ಲ. ಊರ ಮುಂದಿನ ಹೊಳೆಯ ಸೇತುವೆ ಇನ್ನೂ ಕೆಳಗಿರುವಾಗಲೇ ಚರ್ಚಿನ ಗಂಟೆ ಹೊಡೆಯತೊಡಗಿತು. ಮಾರ್ತವ್ವ ತಿರುಗಿ ಎಣಿಸಿದಳು, ಹದಿನಾಲ್ಕು. ಓಡಿರೆಂದು ಹೇಳಲಿಲ್ಲ. ಓಡಿದರೆ ಗೌಡರು ಹೊಳೆಗೆ ಬೀಳುತ್ತಿದ್ದರು. ಅದೇ ನಡಿಗೆಯಲ್ಲಿ ಇಳಿಸಿದಳು. ನಾವು ಸೇತುವೆಯ ನಡುವೆ ಇದ್ದಾಗ ಗಂಟೆ ನಿಂತಿತು.

ಚರ್ಚಿನ ಮುಂದೆ

ಆಂಟೋನ್ ಕಾಕಾ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾರ್ತವ್ವ ಅವರ ಭಾಷೆಯಲ್ಲಿ ಎರಡು ಮಾತು ಹೇಳಿದಳು. ಏನೆಂದೆ ಎಂದು ಕೇಳಿದೆ.

"ಊಟದ್ದು ಹೊರಗ ಬಿದ್ದಿತ್ತು, ನಾ ನೋಡಲಿಲ್ಲ, ತಪ್ಪು ನಂದು ಅಂತ ಹೇಳಿದೆ."

"ಕಾಕಾ ಏನಂದ?"

"ಮುಂದಿನ ವರ್ಷ ಅವರದು."

ಲೀಸಲ್ ಮತ್ತೆ ಅಳುವ ಹಾಗಿದ್ದಳು. ಇನ್ನು ತಡೆಯಲಾರದೆ, "ತಂಗಿ, ನಾ ಹೇಳೂದನ್ನ ಕಾಕಾಗ ತಿರುಗಿಸಿ ಹೇಳು" ಎಂದೆ. "ನಿನ್ನಿ ಸಂಜಿಗೆ ಡೇರೆದ ಸುತ್ತ ಊಟಾ ಚೆಲ್ಲಿದವ ನಾನು."

ಆಕೆ ಅರ್ಧ ಹೇಳಿ ನಿಲ್ಲಿಸಿದಳು. ನನ್ನ ಕಡೆ ತಿರುಗಿ, ಎತ್ತಿನ ಬಾಯಿ ಬಿಡಿಸಿ ನೋಡುವವರ ಹಾಗೆ ನೋಡಿದಳು. ಆಮೇಲೆ ಉಳಿದರ್ಧ ಹೇಳಿದಳು. ನಾನು ಅಮಾವಾಸ್ಯೆ, ಬಸುರಿ ಭೂಮಿ, ಬಯಕೆಯ ಊಟ ಎಲ್ಲ ಬಿಡಿಸಿ ಹೇಳಿದೆ. ಲೀಸಲಳ ಕೋಟಿಗೆ ಇದರಲ್ಲಿ ಸಂಬಂಧವಿಲ್ಲವೆಂದೂ, ಮುಂಜಾನೆಯೇ ಹೇಳದೆ ಇದ್ದದ್ದು ಇನ್ನೊಂದು ತಪ್ಪೆಂದೂ ಹೇಳಿದೆ.

ಕಾಕಾ ಕೇಳಿದ ಮೊದಲ ಪ್ರಶ್ನೆ ಚರಗದಲ್ಲಿ ಏನೇನಿತ್ತು ಎಂದು. ಪಟ್ಟಿ ಹೇಳಿದೆ. ಗಿಣ್ಣದ ಹೆಸರು ಬಂದಾಗ ಮುಖ ಕಿವುಚಿಕೊಂಡ.

"ವರ್ಷದ ಗಿಣ್ಣ ಏನು ಹೊಸಾದು ಏನು ಅಂತ ಕೇಳಾಕತ್ತಾರ" ಎಂದಳು ಮಾರ್ತವ್ವ.

"ವರ್ಷದ್ದು."

"ನರಿಗೆ ಹೊಸಾದ ಸಾಕಿತ್ತು ಅಂತಾರ."

ಆಮೇಲೆ ಅವನೂ ಒಂದು ಹೇಳಿದ. ಅವನ ಅಜ್ಜಿ ಚಳಿಗಾಲದ ಒಂದು ರಾತ್ರಿ ಬಾಗಿಲು ತೆರೆದು ಗಾಳಿಗೆ ಒಂದು ಮುಷ್ಟಿ ಹಿಟ್ಟು ತೂರುತ್ತಿದ್ದಳಂತೆ, ಗಾಳಿಗೂ ಹಸಿವಿರುತ್ತದೆಂದು. ಮುದುಕ ಮೆತ್ತಗಾದ ಎಂದುಕೊಂಡು ನಾನು ವ್ಯಾಪಾರ ಶುರುಮಾಡಿದೆ. ಗಂಟೆ ನಿಂತಾಗ ಅರ್ಧ ಸೇತುವೆ ದಾಟಿದ್ದೆವು, ಸೇತುವೆ ಊರಿನ ಹದ್ದಿನಲ್ಲೇ ಇದೆ. ಜನ ಕಮ್ಮಿಯಾಗಿಲ್ಲ. ನಿಯಮ ಮಾಡಿದಾಗ ನಮ್ಮಂಥ ಪಾಹುಣರ, ಅತಿಥಿಗಳ, ಲೆಕ್ಕ ಹಿಡಿದಿರಲಿಲ್ಲ. ಒಂದೊಂದಕ್ಕೂ ಕಾಕಾ ಗಡಿಯಾರವನ್ನೇ ತೋರಿಸಿದ. ನನ್ನ ಜನ್ಮದಲ್ಲಿ ಅಷ್ಟು ಸೊಗಸಾಗಿ ಮಾತಾಡಿ ಅಷ್ಟು ಕಮ್ಮಿ ಗಿಟ್ಟಿಸಿದ್ದು ಅದೊಂದೇ ದಿನ.

"ಮಲ್ಲಪ್ಪಣ್ಣಾ, ಸಾಕ್ರಿ" ಎಂದಳು ಮಾರ್ತವ್ವ. "ಇದು ನನ್ನ ಮಾತು."

ಕಾಕಾನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದಳು. ಕೇಳಿದ್ದನ್ನು ನನಗೂ ಹೇಳಿದಳು: "ನನ್ನ ಜಾಗಾದಾಗ ನೀವಿದ್ರ ಏನ ಮಾಡ್ತಿದ್ರಿ?"

ಮುದುಕ ಗೌಡರ ಕಾಲಿನ ಮೇಲಿದ್ದ ಟೊಪ್ಪಿಗೆ ನೋಡಿದ, ಜಾರುಗಾಡಿಯ ಮುಂದಿನ ಹಗ್ಗ ನೋಡಿದ, ಹಿಂದಿನ ಹಗ್ಗದ ಗಂಟು ಮುಟ್ಟಿ ನೋಡಿದ. ಒಳಗೆ ಹಾಡು ಶುರುವಾಗಿತ್ತು. ಕಡೆಗೆ ಅಂದ: "ಗಾಡಿ ಮ್ಯಾಲ ಕುಂಡ್ರಸ್ತಿದ್ದೆ."

"ಅಂದ್ರ ಎಷ್ಟೊತ್ತಿಗೆ ಬಂದು ಮುಟ್ತಿದ್ರಿ?"

ಕಾಕಾ ಗಡಿಯಾರ ನೋಡಿದ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. "ಈಗ" ಎಂದ.

ನಾನು ಇಡೀ ಮುಂಜಾನೆ ತೂಗಿದ್ದು ತಪ್ಪು ತಕ್ಕಡಿಯಲ್ಲಿ ಎಂದು ಆಗ ಗೊತ್ತಾಯಿತು. ಜಗಳ ಗಡಿಯಾರದ್ದಲ್ಲ. ಗಡಿಯಾರವನ್ನು ಜೇಬಿಗಿಟ್ಟು ಮುದುಕ ನೆಲ ನೋಡುತ್ತ ಇನ್ನೊಂದು ಮಾತು ಹೇಳಿದ. ಅದನ್ನು ತಿರುಗಿಸುವಾಗ ಮಾರ್ತವ್ವನ ದನಿ ಸಣ್ಣಗಾಗಿತ್ತು:

"ಮುಂದ ನಿಂತು ಕರಕೊಂಡ ಹೋಗಾಕ ಮೊಣಕಾಲು ಒಲ್ಲೆ ಅಂತೈತಿ. ಮುಂದಿನ ವರ್ಷ ನಿನ್ನ ಹಿಂದಿಂದ ಬಂದ್ರ ನಡದೀತ?"

ಇಪ್ಪತ್ತು ಚಳಿಗಾಲ ಮುಂದೆ ನಡೆದವನು ಕೇಳಿದ ಮಾತು ಅದು. ಯಾರಾದರೂ ಅವನನ್ನು ಕರೆಯಲಿ ಎಂದು ಅವನು ಎಷ್ಟು ದಿನ ಕಾದಿದ್ದನೋ.

"ಹಂಗಾರ ಸಾಲಿನ್ಯಾಗ ನಿಂದ್ರಿ ಕಾಕಾ" ಎಂದಳು ಮಾರ್ತವ್ವ.

ಅವನು ಕೋಲೂರುತ್ತ ಹೋಗಿ ಗೌಡರ ಹಿಂದೆ ನಿಂತ. ಆಕೆ ಮುಂದಿನಿಂದ ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸುತ್ತ ಬಂದಳು. ಕಾಕಾನ ಮುಂದೆ ನಿಂತು, ಹದಿನೈದು ಎಂದು, ಬಾಗಿಲು ತೆರೆದಳು.